ತಾಯಿ ಎಂಬುದಕ್ಕೆ ಪುರಾವೆ

ನಮ್ಮವ್ವ ಹುಟ್ಟಿದ್ದು ಕೊಯಮತ್ತೂರು ಜಿಲ್ಲೆಯಲ್ಲಿ, ಮದುವೆಯಾದದ್ದು ಮೈಸೂರು ಜಿಲ್ಲೆಯಲ್ಲಿ, ಮೊದಲ ಮೊಮ್ಮಗುವನ್ನು ಎತ್ತಿ ಆಡಿಸಿದ್ದು ಚಾಮರಾಜನಗರ ಜಿಲ್ಲೆಯಲ್ಲಿ. ಮೂರೂ ಕೌದಳ್ಳಿಯೇ. ಸೋದರಮಾವನನ್ನೇ ಮದುವೆಯಾಗಿದ್ದರಿಂದ ತವರುಮನೆಗೂ ಗಂಡನ ಮನೆಗೂ ನಡುವೆ ಇದ್ದದ್ದು ಎರಡು ಬೀದಿ ಅಷ್ಟೇ. 1956ರ ನವೆಂಬರ್ 1ರವರೆಗೆ ನಮ್ಮೂರಿದ್ದ ಕೊಳ್ಳೇಗಾಲ ತಾಲ್ಲೂಕು ಮದ್ರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಅಂದು ಮೈಸೂರು ರಾಜ್ಯಕ್ಕೆ, ಮೈಸೂರು ಜಿಲ್ಲೆಗೆ ಬಂತು. 1973ರಲ್ಲಿ ರಾಜ್ಯ ಕರ್ನಾಟಕವಾಯಿತು, 1997ರಲ್ಲಿ ಚಾಮರಾಜನಗರ ಬೇರೆ ಜಿಲ್ಲೆಯಾಯಿತು, 2018ರಲ್ಲಿ ನಮ್ಮೂರನ್ನೂ ಸೇರಿಸಿಕೊಂಡು ಹನೂರು ಬೇರೆ ತಾಲ್ಲೂಕಾಯಿತು. ಅವ್ವ ಇದನ್ನೆಲ್ಲ ಒಂದೇ ಮಾತಿನಲ್ಲಿ ಮುಗಿಸುತ್ತಾಳೆ: “ನಾನೆಲ್ಗೂ ವೋಗ್ನಿಲ್ಲ ಕನಪ್ಪ, ಅವ್ರೇ ಬಂದ್ಬಂದು ಬೋರ್ಡ್ ಬದ್ಲಾಯ್ಸುದ್ರು.”

ಊರಲ್ಲೇ ಇರುವವರಿಗೆ ಇದರಿಂದ ಯಾವ ತೊಂದರೆಯೂ ಇಲ್ಲ. ಮಗಳು ಕೆನಡಾದ ಮಿಸಿಸಾಗದಲ್ಲಿ ಮನೆ ಮಾಡಿ, “ಅವ್ವ ಒಂದೆರಡು ವರ್ಷ ನನ್ ಜೊತೇಲಿರ್ಲಿ” ಅಂದಾಗ ಶುರುವಾಗುತ್ತದೆ. ಅಕ್ಕ ಬೆಂಗಳೂರಿನ ಕಂಪನಿಯೊಂದರಿಂದ ಕೆನಡಾಕ್ಕೆ ಹೋದವಳು ಅಲ್ಲಿಯ ಪೌರತ್ವವನ್ನೂ ಪಡೆದಿದ್ದಳು. 2019ರಲ್ಲಿ ಅವ್ವನಿಗೆ ಸೂಪರ್ ವೀಸಾ ಹಾಕಿದಳು. ಹೆಸರು ಕೇಳಿದರೆ ಸಿನಿಮಾ ಹೆಸರಿನಂತಿದೆ. ಕೆನಡಾದಲ್ಲಿ ನೆಲೆಸಿದವರ ತಂದೆತಾಯಿ, ಅಜ್ಜಅಜ್ಜಿಯರಿಗಾಗಿ ಅಲ್ಲಿಯ ಸರ್ಕಾರ 2011ರ ಕೊನೆಯಲ್ಲಿ ತಂದ ವ್ಯವಸ್ಥೆ ಅದು. ಸಾಮಾನ್ಯ ಸಂದರ್ಶಕರ ವೀಸಾದಲ್ಲಿ ಹೋದರೆ ಆರು ತಿಂಗಳು ಇರಬಹುದು. ಇದರಲ್ಲಿ ಆಗ ಒಮ್ಮೆ ಹೋದರೆ ಎರಡು ವರ್ಷ ಇರಬಹುದಿತ್ತು, 2022ರಿಂದ ಅದನ್ನು ಐದು ವರ್ಷ ಮಾಡಿದ್ದಾರೆ. ಅದಕ್ಕೆ ತಕ್ಕ ಷರತ್ತುಗಳೂ ಇವೆ. ಮಗ ಅಥವಾ ಮಗಳ ಆದಾಯ ಅಲ್ಲಿಯವರು ಗೊತ್ತುಮಾಡಿದ ಮಟ್ಟಕ್ಕಿಂತ ಕೆಳಗಿರಬಾರದು. ಕನಿಷ್ಠ 1 ಲಕ್ಷ ಡಾಲರಿನ ವೈದ್ಯಕೀಯ ವಿಮೆ ಒಂದು ವರ್ಷದ ಮಟ್ಟಿಗೆ ಇರಬೇಕು, ಅದೂ ಆಗ ಕೆನಡಾದ ಕಂಪನಿಯದೇ ಆಗಬೇಕಿತ್ತು. ಅವರು ಒಪ್ಪಿದ ವೈದ್ಯರ ಬಳಿಯೇ ಆರೋಗ್ಯ ತಪಾಸಣೆ ಆಗಬೇಕು. ಇವೆಲ್ಲ ದುಡ್ಡಿನಿಂದ, ಓಡಾಟದಿಂದ ಆಗುವ ಕೆಲಸಗಳು. ಮಳವಳ್ಳಿ, ಕನಕಪುರದ ಮೇಲೆ ಬೆಂಗಳೂರಿಗೆ ಬಸ್ಸಿನಲ್ಲಿ ಹೋಗಿ ಎಕ್ಸ್‌ರೇ ತೆಗೆಸಿದೆವು, ಬೆರಳಚ್ಚು ಕೊಟ್ಟೆವು. ಬದುಕೆಲ್ಲ ಕಳೆ ಕಿತ್ತ ಅವ್ವನ ಬೆರಳುಗಳಲ್ಲಿ ಗೆರೆಗಳೇ ಉಳಿದಿರಲಿಲ್ಲ. ಅಲ್ಲಿದ್ದ ಹುಡುಗಿ ಕೈ ಒರೆಸಿ ಒರೆಸಿ, ಮತ್ತೆ ಮತ್ತೆ ಒತ್ತಿಸಿ, ಕೊನೆಗೆ ಯಂತ್ರವನ್ನು ಒಪ್ಪಿಸಿದಳು.

ಪಾಸ್‌ಪೋರ್ಟು ಅದಕ್ಕೂ ಮೊದಲೇ ಆಗಿತ್ತು. 2017ರ ಜನವರಿಯಲ್ಲಿ ದೇಶದ ಮೊದಲ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರಗಳಲ್ಲಿ ಒಂದು ಮೈಸೂರಿನಲ್ಲೇ ತೆರೆದಿದ್ದರಿಂದ ನಮ್ಮ ಕಡೆಯವರಿಗೆ ಬೆಂಗಳೂರಿನ ಓಡಾಟ ತಪ್ಪಿತ್ತು. ಹುಟ್ಟಿದ ದಿನಕ್ಕೆ ಆಧಾರ್ ಕಾರ್ಡಾದರೂ ನಡೆಯುತ್ತದೆ ಎಂದು 2016ರ ಡಿಸೆಂಬರಿನಲ್ಲಿ ನಿಯಮ ಸಡಿಲಿಸಿದ್ದು ದೊಡ್ಡ ಉಪಕಾರವಾಯಿತು. ಆಧಾರಿನಲ್ಲಿ ಅವ್ವ ಹುಟ್ಟಿದ್ದು 1951ರ ಜನವರಿ 1. ನಮ್ಮೂರಿನಲ್ಲಿ ಆ ವಯಸ್ಸಿನವರು ಹೆಚ್ಚುಕಡಿಮೆ ಎಲ್ಲರೂ ಜನವರಿ 1ರಂದೇ ಹುಟ್ಟಿದವರು. ದಿನ ಗೊತ್ತಿಲ್ಲದವರಿಗೆ ಗಣಕಯಂತ್ರ ಕೊಟ್ಟ ಜಾತಕ ಅದು.

ಪೊಲೀಸ್ ವೆರಿಫಿಕೇಷನ್ ಎಂದಾಗ ಮಾತ್ರ ಅವ್ವ ಬೆಚ್ಚಿದಳು. ಕಾಡುಗಳ್ಳ ವೀರಪ್ಪನ್ ಕಾಲವನ್ನು ಮಲೆ ಮಹದೇಶ್ವರ ಬೆಟ್ಟದ ತಪ್ಪಲಿನಲ್ಲಿ ಕಳೆದವರಿಗೆ ಪೊಲೀಸರು ಮನೆಗೆ ಬಂದು ಹೆಸರು ಬರೆದುಕೊಳ್ಳುವುದೆಂದರೆ ಏನೆಂದು ಬೇರೆ ಕಡೆಯವರಿಗೆ ತಿಳಿಯುವುದಿಲ್ಲ. 1992ರಲ್ಲಿ ಅವನ ಗುಂಪು ರಾಮಾಪುರ ಠಾಣೆಗೇ ನುಗ್ಗಿ ಪೊಲೀಸರನ್ನು ಕೊಂದಿತ್ತು. ಆಮೇಲಿನ ವರ್ಷಗಳಲ್ಲಿ ಈ ಕಡೆಯವರು ಕಾಡಿಗೂ ಅಂಜಿದರು, ಖಾಕಿಗೂ ಅಂಜಿದರು. ಒಬ್ಬ ಪೇದೆ ಬಂದು, ಪಕ್ಕದ ಮನೆಯವರನ್ನು ವಿಚಾರಿಸಿ, ಕಾಫಿ ಕುಡಿದು ಹೋದ. ಅವನು ತಿರುವಿನಲ್ಲಿ ಮರೆಯಾಗುವವರೆಗೂ ಅವ್ವ ಜಗುಲಿ ಬಿಟ್ಟು ಏಳಲಿಲ್ಲ.

ಅರ್ಜಿ ಹೋಗಿ ಕೆಲವು ವಾರಗಳಾದ ಮೇಲೆ ಕೆನಡಾದಿಂದ ಅಕ್ಕನ ಖಾತೆಗೆ ಒಂದು ಪತ್ರ ಬಂತು. ಮರ್ಯಾದೆಯ ಪತ್ರವೇ. ಅರ್ಜಿಯನ್ನು ಮುಂದುವರಿಸಲು ದಾಖಲೆಗಳು ಸಾಲವು. ಅರ್ಜಿದಾರರು ನಿಮ್ಮ ತಾಯಿ ಎಂಬುದಕ್ಕೆ ಪುರಾವೆಯಾಗಿ ಅವರ ಹೆಸರಿರುವ ನಿಮ್ಮ ಜನನ ಪ್ರಮಾಣಪತ್ರವನ್ನೋ ಅದಕ್ಕೆ ಸಮನಾದ ಸರ್ಕಾರಿ ದಾಖಲೆಯನ್ನೋ ಗಡುವಿನೊಳಗೆ ಕಳಿಸಿ, ಇಲ್ಲವಾದರೆ ಇರುವ ಕಾಗದಗಳ ಮೇಲೇ ತೀರ್ಮಾನ ಮಾಡುತ್ತೇವೆ, ಎಂದು. ಅಕ್ಕ ಫೋನಿನಲ್ಲಿ ಇದನ್ನು ಓದಿ ಹೇಳಿದಾಗ ಅವ್ವ ರಾಗಿ ಕೇರುತ್ತಿದ್ದಳು. “ನಾನು ಎತ್ತೋಳು ಅನ್ನೋದ್ಕೆ ಕಾಗ್ಜ ಬೇಕಂತಾ?” ಎಂದವಳು ಮೊರ ನಿಲ್ಲಿಸಲಿಲ್ಲ.

ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಎಲ್ಲೋ ದೂರದಲ್ಲಿ ಮೇಜಿನ ಮುಂದೆ ಕೂತ ಅಧಿಕಾರಿಗೆ ಕೌದಳ್ಳಿಯ ಹೆಂಗಸೊಬ್ಬಳು ಯಾರ ತಾಯಿ ಎಂದು ಹೇಗೆ ಗೊತ್ತಾಗಬೇಕು? ನನ್ನ ತಕರಾರು ಬೇರೆ. ಆ ಪ್ರಶ್ನೆಗೆ ಉತ್ತರ ಹುಡುಕಲು ಟ್ರಂಕು ತೆಗೆದು ಕೂತಾಗ, ಅಪ್ಪ ಅಕ್ಕನ ತಂದೆ ಎಂಬುದಕ್ಕೆ ಹಿಡಿ ತುಂಬ ಕಾಗದ ಸಿಕ್ಕವು. ಶಾಲೆಯ ವರ್ಗಾವಣೆ ಪತ್ರ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಜಾತಿ ಪ್ರಮಾಣಪತ್ರ, ಎಲ್ಲದರಲ್ಲೂ ‘ತಂದೆಯ ಹೆಸರು’. ತಾಯಿಯ ಹೆಸರಿಗೆ ಜಾಗವೇ ಇಲ್ಲ. ಅವ್ವನ ಕಾಗದಗಳಲ್ಲಿ ಗಂಡನ ಹೆಸರಿತ್ತು, ಮಕ್ಕಳ ಹೆಸರಿಲ್ಲ. ಅಪ್ಪನ ಮೂಲಕ ಹೋದರೆ ಮಾತ್ರ ತಾಯಿಗೂ ಮಗಳಿಗೂ ಸಂಬಂಧ. ಅಪ್ಪ ತೀರಿಕೊಂಡು ಬಹಳ ವರ್ಷಗಳಾಗಿದ್ದವು.

ಇದು ನಮ್ಮೊಂದು ಮನೆಯ ಕತೆಯಲ್ಲ. ಸ್ವತಂತ್ರ ಭಾರತದ ಮೊದಲ ಮಹಾಚುನಾವಣೆ 1951-52ರಲ್ಲಿ ನಡೆಯಿತಲ್ಲ, ಆಗ ಮತದಾರರ ಪಟ್ಟಿಯಿಂದ ಸುಮಾರು 28 ಲಕ್ಷ ಹೆಂಗಸರ ಹೆಸರು ತೆಗೆದುಹಾಕಬೇಕಾಯಿತು. ಹೆಚ್ಚಿನವರು ಉತ್ತರದ ರಾಜ್ಯಗಳವರು. ಸ್ವಂತ ಹೆಸರು ಹೇಳದೆ ಇಂಥವನ ಹೆಂಡತಿ, ಇಂಥವನ ತಾಯಿ ಎಂದು ಬರೆಸಿದ್ದರಂತೆ. ಅವ್ವ ಹುಟ್ಟಿದ ಹೊತ್ತಿನ ಮಾತು ಅದು. ಆಮೇಲೆ ಕಾಲ ತಡವಾಗಿಯಾದರೂ ಬದಲಾಯಿತು. 2013ರ ಆಹಾರ ಭದ್ರತಾ ಕಾಯ್ದೆ ಬಂದ ಮೇಲೆ ಪಡಿತರ ಚೀಟಿಯಲ್ಲಿ ಮನೆಯ ಹಿರಿಯ ಹೆಂಗಸೇ ಯಜಮಾನಿ. ಆದರೆ ಅಷ್ಟರಲ್ಲಿ ಅಕ್ಕ ಆ ಚೀಟಿಯಿಂದ ಹೊರಗೆ ಹೋಗಿಯಾಗಿತ್ತು.

ಜನನ ಪ್ರಮಾಣಪತ್ರದ ವಿಷಯ ಇನ್ನೂ ಸುಲಭ: ಅದು ಇರಲೇ ಇಲ್ಲ. ಅಕ್ಕ 1976ರಲ್ಲಿ ಮನೆಯ ನಡುಮನೆಯಲ್ಲಿ ಸೂಲಗಿತ್ತಿಯ ಕೈಯಲ್ಲಿ ಹುಟ್ಟಿದವಳು. ಜನನ ಮರಣ ನೋಂದಣಿ ಕಾಯ್ದೆ 1969ರಲ್ಲೇ ಬಂದು ಮರುವರ್ಷದಿಂದ ಜಾರಿಯಲ್ಲಿತ್ತು, ನಿಜ. ಆದರೆ ಹೆರಿಗೆಯಾದ ಸುದ್ದಿಯನ್ನು ಹೋಗಿ ಬರೆಸಬೇಕೆಂದು ಯಾರಿಗೆ ಹೊಳೆಯಬೇಕು? ಸೂಲಗಿತ್ತಿಗೆ ಅಕ್ಕಿ, ಸೀರೆ, ವೀಳ್ಯ ಕೊಟ್ಟು ಕಳಿಸಿದರೆ ನೋಂದಣಿ ಮುಗಿಯಿತು. ತಾಲ್ಲೂಕು ಕಚೇರಿಯಲ್ಲಿ ಆ ವರ್ಷದ ಪುಸ್ತಕ ತಿರುವಿ, ಇಲ್ಲ ಎಂದು ಬರೆದುಕೊಟ್ಟರು. ಅದಕ್ಕೆ ಅಲಭ್ಯತಾ ಪ್ರಮಾಣಪತ್ರ ಎಂದು ಹೆಸರು. ಅದನ್ನಿಟ್ಟುಕೊಂಡು ಕೊಳ್ಳೇಗಾಲದ ನ್ಯಾಯಾಲಯದಲ್ಲಿ ಅರ್ಜಿ ಹಾಕಿ, ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು, ಸಾಕ್ಷಿ ನುಡಿಸಿ, ಮ್ಯಾಜಿಸ್ಟ್ರೇಟರ ಆದೇಶ ತಂದರೆ ಈಗಲೂ ನೋಂದಾಯಿಸಬಹುದು ಎಂದು ವಕೀಲರು ಹೇಳಿದರು. 2023ರ ತಿದ್ದುಪಡಿಯ ಮೇಲೆ ಈ ಅಧಿಕಾರ ನ್ಯಾಯಾಲಯದಿಂದ ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿಗಳ ಕಡೆಗೆ ಬಂದಿದೆ. ಆಗ ಇನ್ನೂ ಹಾಗಿರಲಿಲ್ಲ. ಎಷ್ಟು ದಿನ ಆಗುತ್ತೆ ಎಂದದ್ದಕ್ಕೆ ವಕೀಲರು ಕೊಟ್ಟ ಉತ್ತರ ಕೆನಡಾದ ಗಡುವಿಗೆ ಹೊಂದುವಂತಿರಲಿಲ್ಲ.

ಒಂದು ಆಸೆ ಉಳಿದಿತ್ತು. ನಮ್ಮ ದೇಶದ ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ತಂದೆತಾಯಿಯ ಹೆಸರು ಅಚ್ಚಾಗಿರುತ್ತದೆ. ಪೌರತ್ವ ಬದಲಾದಾಗ ಅಕ್ಕ ಒಪ್ಪಿಸಿದ್ದ ಹಳೆಯ ಪಾಸ್‌ಪೋರ್ಟನ್ನು ರದ್ದು ಮಾಡಿ ವಾಪಸು ಕೊಟ್ಟಿದ್ದರು. ತೆಗೆದು ನೋಡಿದರೆ ತಾಯಿಯ ಹೆಸರು ಮಹದೇವಮ್ಮ. ಅವ್ವನ ಪಾಸ್‌ಪೋರ್ಟಿನಲ್ಲಿ ಮಾದಮ್ಮ. ಮತದಾರರ ಚೀಟಿಯಲ್ಲಿ ಮಾದೇವಮ್ಮ. ಬೆಟ್ಟದ ಕೆಳಗಿನ ಊರುಗಳಲ್ಲಿ ಮನೆಗೊಬ್ಬರಾದರೂ ಬೆಟ್ಟದ ದೇವರು ಮಾದಪ್ಪನ ಹೆಸರಿನವರು ಇರುತ್ತಾರೆ. ಮಾದ, ಮಾದೇವ, ಮಹದೇವ, ಮಾದೇಶ ಎಂದು ಕರೆಯುವವರ ಬಾಯಿಗೆ ಬಂದಂತೆ ಕರೆದರೂ ಓಗೊಡುತ್ತಾರೆ. ಬರೆಯುವವರು ಅವರಿಗೆ ತೋಚಿದ್ದನ್ನು ಬರೆದಿರುತ್ತಾರೆ. ಸಾಲದ್ದಕ್ಕೆ ಊರಿನ ಹೆಸರೂ ಇಂಗ್ಲಿಷಿನಲ್ಲಿ ಒಂದೊಂದು ಕಾಗದದಲ್ಲಿ ಒಂದೊಂದು ಥರ. ಅಕ್ಕನ ಕಾಗದಗಳಲ್ಲಿ ಮೈಸೂರು ಜಿಲ್ಲೆ ಕೊಳ್ಳೇಗಾಲ ತಾಲ್ಲೂಕು, ಅವ್ವನ ಕಾಗದಗಳಲ್ಲಿ ಚಾಮರಾಜನಗರ ಜಿಲ್ಲೆ. ಅಲ್ಲಿ ಕೂತು ನೋಡಿದವನಿಗೆ ಇಬ್ಬರು ಬೇರೆ ಬೇರೆ ತಾಯಂದಿರು, ಎರಡು ಬೇರೆ ಬೇರೆ ಊರು.

ದಾರಿ ತೋರಿಸಿದವನು ಒಡೆಯರಪಾಳ್ಯದ ಟಿಬೆಟಿಯನ್ ಗೆಳೆಯ. ಅಲ್ಲಿ 1970ರ ದಶಕದಲ್ಲಿ ಟಿಬೆಟಿಯನ್ನರಿಗೆ ನೆಲೆ ಕೊಟ್ಟದ್ದು, ಧೊಂಡೆನ್‌ಲಿಂಗ್ ಎಂದು ಅವರು ಅದನ್ನು ಕರೆಯುವುದು ನಮ್ಮ ಕಡೆಯವರಿಗೆಲ್ಲ ಗೊತ್ತು. ಇವನು ಕಾಲೇಜಿನಲ್ಲಿ ನನ್ನ ಜೊತೆಗಿದ್ದವನು, ನನಗಿಂತ ಚೆನ್ನಾಗಿ ಹನೂರಿನ ಕನ್ನಡ ಆಡುತ್ತಾನೆ. ವೀಸಾ ಕಾಗದದ ವಿಷಯದಲ್ಲಿ ನಮ್ಮ ತಾಲ್ಲೂಕಿನಲ್ಲಿ ಅವರನ್ನು ಮೀರಿಸಿದವರಿಲ್ಲ. ಪಾಸ್‌ಪೋರ್ಟಿನ ಬದಲು ಅವರಲ್ಲಿ ಹೆಚ್ಚಿನವರಿಗಿರುವುದು ಭಾರತ ಸರ್ಕಾರ ಕೊಡುವ ಹಳದಿ ಬಣ್ಣದ ಗುರುತಿನ ಪುಸ್ತಕ. ಇಲ್ಲಿರುವುದಕ್ಕೂ ನೋಂದಣಿ ಪತ್ರ, ಅದಕ್ಕೂ ನವೀಕರಣ. ಹುಟ್ಟಿದಾಗಿನಿಂದ ಫೈಲು ಹಿಡಿದುಕೊಂಡೇ ಬೆಳೆದವರು. ಅವನು ಹೇಳಿದ್ದು ಎರಡೇ ಮಾತು. “ಒಂದು, ಮನೇಲಿ ಯಾರು ಯಾರು ಹುಟ್ಟಿದ್ರು ಅನ್ನೋದನ್ನ ನಿಮ್ ಸರ್ಕಾರದ ಕೈಲಿ ಬರೆಸು. ಇನ್ನೊಂದು, ಎಲ್ಲೆಲ್ಲಿ ವ್ಯತ್ಯಾಸ ಇದೆಯೋ ಅದನ್ನ ಮುಚ್ಚಿಡಬೇಡ. ನೀನೇ ಒಂದು ಪತ್ರ ಬರೆದು, ಇಂಥ ಕಡೆ ಹೀಗಿದೆ, ಯಾಕಂದ್ರೆ ಹೀಗೆ ಅಂತ ಹೇಳ್ಬಿಡು. ಅವರು ಕಂಡುಹಿಡಿಯೋಕೆ ಮುಂಚೆ ನೀನು ಹೇಳಬೇಕು.”

ನಿಮ್ಮ ಸರ್ಕಾರದ ಕೈಲಿ ಎಂದು ಅವನು ಸಹಜವಾಗಿಯೇ ಅಂದದ್ದು.

ಮೊದಲನೆಯ ಮಾತಿಗೆ ನಮ್ಮಲ್ಲಿರುವುದು ವಂಶವೃಕ್ಷ. ಪೌತಿ ಖಾತೆಗೆ, ಅಂದರೆ ಸತ್ತವರ ಜಮೀನು ವಾರಸುದಾರರ ಹೆಸರಿಗೆ ಬರಲು, ಎಲ್ಲರೂ ಮಾಡಿಸುವ ಕಾಗದ. ಆಗ ನಾಡಕಚೇರಿಯಲ್ಲಿ ಅರ್ಜಿ ಕೊಟ್ಟರೆ ಗ್ರಾಮ ಲೆಕ್ಕಿಗರು ಸ್ಥಳಕ್ಕೆ ಬಂದು, ನೆರೆಹೊರೆಯವರನ್ನು ಕೇಳಿ, ಮಹಜರು ಬರೆದು, ಪಂಚರ ರುಜು ಹಾಕಿಸಿಕೊಂಡು ವರದಿ ಕೊಡಬೇಕಿತ್ತು. ಗಂಡ, ಹೆಂಡತಿ, ಮಕ್ಕಳು, ಬದುಕಿರುವವರು, ತೀರಿಕೊಂಡವರು ಎಲ್ಲರೂ ಒಂದೇ ಹಾಳೆಯಲ್ಲಿ ಬರುವ ಸರ್ಕಾರಿ ದಾಖಲೆ ನಮ್ಮ ಹಳ್ಳಿಗಳಲ್ಲಿ ಇದೊಂದೇ. ಜಮೀನಿಗೆಂದು ಹುಟ್ಟಿದ ಕಾಗದದಿಂದ ತಾಯ್ತನ ಸಾಬೀತು ಮಾಡಲು ಹೊರಟೆವು.

ಗ್ರಾಮ ಲೆಕ್ಕಿಗ ಉತ್ತರ ಕರ್ನಾಟಕದ ಕಡೆಯ ಹುಡುಗ. ಕೆಲಸಕ್ಕೆ ಸೇರಿ ಬಹಳ ದಿನವಾಗಿರಲಿಲ್ಲ. ಅವನನ್ನು ಊರವರು ವಿಎ ಎಂದರೆ, ಹಳಬರು ಈಗಲೂ ಶಾನುಭೋಗ್ರು ಎನ್ನುತ್ತಾರೆ. ಒಂದು ಬೆಳಿಗ್ಗೆ ಬೈಕಿನಲ್ಲಿ ಬಂದು ಜಗುಲಿಯ ಮೇಲೆ ಕೂತ. ತೊಡೆಯ ಮೇಲೆ ರಟ್ಟು, ರಟ್ಟಿನ ಮೇಲೆ ಹಾಳೆ. ಪಂಚರಾಗಿ ನನ್ನ ತಮ್ಮ ಕರೆತಂದಿದ್ದ ನಾಲ್ಕು ಜನ ಹಿರಿಯರು ಎದುರಿನ ಕಲ್ಲುಚಪ್ಪಡಿಯ ಮೇಲೆ ಕೂತರು, ಎಲ್ಲರೂ ಗಂಡಸರು. ಹೆಂಗಸರು ಬಾಗಿಲ ಒಳಗೆ, ಕೆಲವರು ಗೋಡೆಗೆ ಒರಗಿ ನಿಂತರು.

“ಮಕ್ಕಳು ಹುಟ್ಟಿದ ಸಾಲು ಹೇಳ್ರಿ,” ಎಂದ ಹುಡುಗ. ಪಂಚರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ಹೆಣ್ಣು ಎಂಬುದು ಖಾತ್ರಿ. ಯಾವ ವರ್ಷ? ಒಬ್ಬರು ಎಪ್ಪತ್ತೆಂಟು ಅಂದರು, ಇನ್ನೊಬ್ಬರು ಇಂದಿರಾಗಾಂಧಿ ಸೋತ ವರ್ಷ ಅಂದರು. ಒಳಗಿನಿಂದ ಎದುರುಮನೆಯ ದೊಡ್ಡವ್ವನ ಧ್ವನಿ ಬಂತು: “ಯೇ, ಅದ್ಕೂ ಮುಂದ್ಲೊರ್ಸ ಕನ. ಮಾರ್ನಮಿ ಕಳ್ದು ಮೂರ್ನೇ ದಿನ. ನಂ ದೊಡ್ಡವ್ನಿಗೆ ಆಗ ಅಲ್ಲು ಬತ್ತಿತ್ತು.” ಪಂಚರು ತಲೆಯಾಡಿಸಿದರು. ಹುಡುಗ 1976 ಎಂದು ಬರೆದ. ಹೀಗೇ ನಡೆಯಿತು. ಕೇಳಿದ್ದು ಜಗುಲಿಯಲ್ಲಿ, ಉತ್ತರ ಬಂದದ್ದು ಬಾಗಿಲ ಹಿಂದಿನಿಂದ, ರುಜು ಬಿದ್ದದ್ದು ಮತ್ತೆ ಜಗುಲಿಯಲ್ಲಿ. ಯಾವ ಕೂಸು ಯಾವ ಕೂಸಿಗಿಂತ ಎಷ್ಟು ದೊಡ್ಡದು, ಯಾರ ಬಾಣಂತನದಲ್ಲಿ ಮಳೆ ಹಿಡಿದಿತ್ತು, ಯಾವ ಹೆರಿಗೆಯ ಹೊತ್ತಿಗೆ ಹಸು ಕರು ಹಾಕಿತ್ತು, ಎಲ್ಲವೂ ಆ ಹೆಂಗಸರ ತಲೆಯಲ್ಲಿ ಸಾಲಾಗಿ ಇತ್ತು. ತಾಲ್ಲೂಕು ಕಚೇರಿಯಲ್ಲಿ ಇಲ್ಲವೆಂದ ಪುಸ್ತಕ ಇದೇ ಎಂದು ನನಗೆ ಅನಿಸಿತು.

ಅಕ್ಕ, ನಾನು, ತಮ್ಮ ಎಂದು ಮೂರು ಹೆಸರು ಬರೆದಾಯಿತು. ಹುಡುಗ ಗೆರೆ ಎಳೆಯಬೇಕು, ಆಗ ಅವ್ವ ಹೊರಗೆ ಬಂದಳು.

“ಇನ್ನೊಂದದೆ ಬರ್ಕೊಳಪ್ಪ. ಇವಳಾದ್ಮೇಲೆ, ಇವನಿಗೆ ಮುಂಚೆ. ಗಂಡು.”

ನಮಗೊಬ್ಬ ಅಣ್ಣನಿದ್ದು ಕೂಸಾಗಿದ್ದಾಗಲೇ ಹೋದ ಎಂಬುದು ಎಂದೋ ಕಿವಿಯ ಮೇಲೆ ಬಿದ್ದ ಮಾತಾಗಿತ್ತು. ಯಾರೂ ಎತ್ತುತ್ತಿರಲಿಲ್ಲ. ಹುಡುಗ ಪೆನ್ನು ಹಿಡಿದು ಕೂತ. “ಬ್ಯಾಡ್ರಿ ಅವ್ವಾರ, ತೀರಿಹೋದ ಸಣ್ಣ ಕೂಸಿನ ಹೆಸರು ಹಾಕೂದಿಲ್ರಿ. ಆಸ್ತಿಗೇನೂ ಸಂಬಂಧ ಬರೂದಿಲ್ಲ.”

“ಆಸ್ತಿಗೆ ಯಾರ್ ಕೇಳುದ್ರು? ಎತ್ತೋರ್ ಯಾರು ಅಂತ ತಾನೆ ಆ ದೇಸ್ದೋರು ಕೇಳಿರಾದು? ನಾನು ನಾಕು ಎತ್ತಿವ್ನಿ.”

ಹೆಸರು ಹೇಳಿದಳು. ಅದೂ ಮಾದಪ್ಪನ ಹೆಸರೇ. ನಾಮಕರಣ ಆಗಿತ್ತು, ಬೆಟ್ಟದಲ್ಲಿ ಮುಡಿ ಕೊಟ್ಟೂ ಆಗಿತ್ತು ಎಂದು ದೊಡ್ಡವ್ವ ಒಳಗಿನಿಂದ ಸೇರಿಸಿದಳು. ಹುಡುಗ ಬರೆದ, ಅದರ ಮುಂದೆ ‘ಮರಣ’ ಎಂದು ಸೇರಿಸಿದ. ತಮ್ಮ ಒಳಗೆ ಹೋಗಿ ಕಾಫಿ ತರುವ ನೆಪದಲ್ಲಿ ಸ್ವಲ್ಪ ಹೊತ್ತು ಅಲ್ಲೇ ಇದ್ದ.

ಇದರಿಂದ ಹೊಸ ತೊಡಕೊಂದು ಬಂತು ಎನ್ನುವುದನ್ನು ರಾತ್ರಿ ಫೋನಿನಲ್ಲಿ ಅಕ್ಕನೇ ಹೇಳಿದಳು. ಕೆನಡಾದ ಕುಟುಂಬ ವಿವರದ ನಮೂನೆಯಲ್ಲಿ ಅವ್ವನ ಮಕ್ಕಳು ಮೂವರು ಎಂದು ತುಂಬಿದ್ದಳು, ವಂಶವೃಕ್ಷದಲ್ಲಿ ನಾಲ್ವರು. ಆ ಹೆಸರು ತೆಗೆಸೋಣವೇ ಎಂದು ನಾನೇನೂ ಕೇಳಲಿಲ್ಲ, ಅವಳೂ ಅನ್ನಲಿಲ್ಲ. ನಮೂನೆಯನ್ನೇ ತಿದ್ದಿ ಮತ್ತೆ ಕಳಿಸಿದಳು.

ಒಡೆಯರಪಾಳ್ಯದ ಗೆಳೆಯನ ಎರಡನೆಯ ಮಾತಿನಂತೆ ವಿವರಣೆಯ ಪತ್ರ ಬರೆಯುವುದು ನನ್ನ ಪಾಲಿಗೆ ಬಂತು. ಎರಡು ಪುಟ ಮೀರಬಾರದೆಂದು ಗಟ್ಟಿ ಮಾಡಿಕೊಂಡೆ. ಮಾದಮ್ಮ, ಮಾದೇವಮ್ಮ, ಮಹದೇವಮ್ಮ ಮೂರೂ ಒಂದೇ ದೇವರ ಹೆಸರಿನ ಬೇರೆ ಬೇರೆ ರೂಪಗಳೆಂದೂ, ಮೂವರೂ ಒಬ್ಬರೇ ಎಂಬುದಕ್ಕೆ ನೋಟರಿ ಮುಂದೆ ಮಾಡಿಸಿದ ಪ್ರಮಾಣಪತ್ರ ಜೊತೆಗಿದೆಯೆಂದೂ ಬರೆದೆ. ಕೊಯಮತ್ತೂರು, ಮೈಸೂರು, ಚಾಮರಾಜನಗರ ಎಂದಿರುವುದು ಒಂದೇ ಊರನ್ನು ಕುರಿತು ಎಂದು 1956, 1997, 2018 ಮೂರನ್ನೂ ಸಾಲಾಗಿ ಇಟ್ಟೆ. ತಾಯಿಯ ಹೆಸರು ಹಳೆಯ ಶಾಲಾ ದಾಖಲೆಗಳಲ್ಲಿ ಯಾಕಿಲ್ಲ ಎಂಬುದಕ್ಕೆ ಒಂದು ವಾಕ್ಯ. ತೀರಿಹೋದ ಮಗುವಿನ ಬಗ್ಗೆ ಒಂದು ವಾಕ್ಯ. ಅದನ್ನು ಬರೆಯಲು ಮಿಕ್ಕ ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಪತ್ರಿಕೆಗಳಿಗೆ ಬರೆದ ಲೇಖನಗಳನ್ನೂ ಇಷ್ಟು ತಿದ್ದಿದವನಲ್ಲ ನಾನು.

ತಮಾಷೆಯೆಂದರೆ, ಕನ್ನಡ ಕಾಗದಗಳನ್ನು ಇಂಗ್ಲಿಷಿಗೆ ಮಾಡುವ ಕೆಲಸ ಮಾತ್ರ ನನಗೆ ಸಲ್ಲುವಂತಿರಲಿಲ್ಲ. ಅರ್ಜಿದಾರರ ಮನೆಯವರು ಅನುವಾದ ಮಾಡಬಾರದು, ಮಾಡಿದವರು ತಾವು ಸರಿಯಾಗಿ ಮಾಡಿದ್ದೇವೆಂದು ಪ್ರಮಾಣ ಮಾಡಿ ಕೊಡಬೇಕು ಎಂಬುದು ಅಲ್ಲಿಯ ನಿಯಮ. ಮೈಸೂರಿನಲ್ಲಿ ಒಬ್ಬರನ್ನು ಹಿಡಿದು ಮಾಡಿಸಿದೆವು. ನಿವೃತ್ತ ಮೇಷ್ಟರು, ಪಂಚರ ಮಹಜರನ್ನು ಓದಿ, “ಇದನ್ನ ನಾನು ಶೃಂಗಾರ ಮಾಡೋಕೆ ಹೋಗೋದಿಲ್ಲ ಕಣ್ರೀ, ಇದ್ದಂಗೆ ಇಡ್ತೀನಿ,” ಎಂದರು. ಹಾಗೇ ಇಟ್ಟರು.

ಎಲ್ಲವನ್ನೂ ಸ್ಕ್ಯಾನ್ ಮಾಡಿಸಿದ್ದು ಹನೂರಿನ ಜೆರಾಕ್ಸ್ ಅಂಗಡಿಯಲ್ಲಿ. ಅಲ್ಲಿ ಜಾತಿ ಆದಾಯ ಪ್ರಮಾಣಪತ್ರ, ಪಹಣಿ, ಪಿಂಚಣಿ ಅರ್ಜಿ ಎಂದು ಸದಾ ಜನ. ಕೆನಡಾದ ಜಾಲತಾಣ ಒಂದು ಕಡತಕ್ಕೆ 4 ಎಂಬಿಗಿಂತ ಹೆಚ್ಚು ಒಪ್ಪುವುದಿಲ್ಲ, ಒಂದು ವಿಷಯಕ್ಕೆ ಒಂದೇ ಕಡತ. ವಂಶವೃಕ್ಷ, ಮಹಜರು, ಅಲಭ್ಯತಾ ಪತ್ರ, ಹಳೆಯ ಪಾಸ್‌ಪೋರ್ಟಿನ ಪುಟ, ನೋಟರಿಯ ಕಾಗದ, ಅನುವಾದಗಳು, ನನ್ನ ಪತ್ರ, ಎಲ್ಲವೂ ಆ ಒಂದರಲ್ಲೇ ಹಿಡಿಯಬೇಕು. ಅಂಗಡಿಯ ಹುಡುಗ ಮೊದಲು ಹಿಂಡಿ ಚಿಕ್ಕದು ಮಾಡಿದಾಗ ಪಂಚರ ರುಜುಗಳು ಇರುವೆ ಸಾಲಿನಂತಾದವು. “ಅಣ್ಣ, ಕಲರ್ ಬುಟ್ಬುಡಣ, ಸೀಲ್ ಇರೋ ಹಾಳೆಗ್ ಮಾತ್ರ ಕಲರ್,” ಎಂದು ಒಂದೊಂದೇ ಪುಟವನ್ನು ಮತ್ತೆ ತೆಗೆದ. ಬೆಟ್ಟದ ಜಾತ್ರೆಗೆ ಹೊರಟಿದ್ದ ಯಾರೋ ಹಿಂದಿನಿಂದ ಅವಸರ ಮಾಡುತ್ತಿದ್ದರು. “ಇರಿ ಸ್ವಾಮಿ, ಕೆನಡಾದ್ದು,” ಅಂದ. ಅಷ್ಟು ಕೇಳಿ ಅಂಗಡಿಯಲ್ಲಿದ್ದವರೆಲ್ಲ ಬಗ್ಗಿ ನೋಡಿದರು.

ಕಳಿಸಿದ ಮೇಲೆ ಹೇಳುವಂಥದ್ದೇನಿಲ್ಲ. 2020ರ ಫೆಬ್ರವರಿ ಮೊದಲ ವಾರದಲ್ಲಿ ಪಾಸ್‌ಪೋರ್ಟ್ ಕಳಿಸಿ ಎಂಬ ಸೂಚನೆ ಬಂತು. ಒಪ್ಪಿದ್ದಾರೆ ಎಂದೇ ಅದರ ಅರ್ಥ. ಟಿಕೇಟು ಏಪ್ರಿಲ್‌ಗೆ ಮಾಡಿದ್ದೆವು. ಮಾರ್ಚ್ 22ರಿಂದ ದೇಶದೊಳಕ್ಕೆ ಬರುವ ವಿಮಾನಗಳೇ ನಿಂತವು. ಮಹಾಮಾರಿಯ ಮೊದಲ ತಿಂಗಳುಗಳಲ್ಲಿ ಚಾಮರಾಜನಗರ ಜಿಲ್ಲೆಯಲ್ಲಿ ಒಂದು ಪ್ರಕರಣವೂ ಇರಲಿಲ್ಲ, ಜೂನ್‌ವರೆಗೂ ಹಾಗೇ ಇತ್ತು. ಅವ್ವ ಅದಕ್ಕೂ ಮಾದಪ್ಪನನ್ನೇ ನೆನೆದಳು. ಮಿಸಿಸಾಗಕ್ಕೆ ಹೋದದ್ದು 2022ರಲ್ಲಿ. ಹಿಮ ಬೀಳುವ ಮುಂಚೆ ವಾಪಸು ಬಂದಳು, ಐದು ವರ್ಷ ಇರಬಹುದು ಎಂದರೂ.

ಆದರೆ ನನಗೆ ಕಾಗದ ಹುಡುಕಿದ ಆ ಚಳಿಗಾಲವೆಂದರೆ ನೆನಪಾಗುವುದು ವೀಸಾ ಒಂದೇ ಅಲ್ಲ. ಅವ್ವನನ್ನು ಮಗಳ ಮನೆಗೆ ಕಳಿಸಲು ನಾವು ಟ್ರಂಕು ತೆಗೆದಿದ್ದ ತಿಂಗಳಲ್ಲೇ, 2019ರ ಡಿಸೆಂಬರಿನಲ್ಲಿ, ಪೌರತ್ವ ತಿದ್ದುಪಡಿ ಕಾಯ್ದೆ ಸಂಸತ್ತಿನಲ್ಲಿ ಪಾಸಾಯಿತು. ಅದರ ಹಿಂದೆ ಪೌರತ್ವ ನೋಂದಣಿಯೂ ಬರುತ್ತದೆ ಎಂಬ ಮಾತು ಹಬ್ಬಿತು. ಅಸ್ಸಾಮಿನಲ್ಲಿ ಆ ಆಗಸ್ಟಿನಲ್ಲಷ್ಟೇ ಬಂದಿದ್ದ ಅಂತಿಮ ಪಟ್ಟಿಯಿಂದ 19 ಲಕ್ಷಕ್ಕೂ ಹೆಚ್ಚು ಜನ ಹೊರಗುಳಿದಿದ್ದರು. ಮದುವೆಯಾಗಿ ಬೇರೆ ಊರಿಗೆ ಹೋದ ಹೆಣ್ಣುಮಕ್ಕಳು ತಾವು ಇಂಥವರ ಮಗಳು ಎಂದು ತೋರಿಸಲು ಅಲ್ಲಿ ಪಂಚಾಯಿತಿ ಕೊಡುವ ಪ್ರಮಾಣಪತ್ರವೇ ಗತಿಯಾಗಿತ್ತು. ಕೌದಳ್ಳಿಯಲ್ಲಿ ಮುಸ್ಲಿಮರ ಮನೆಗಳು ಬಹಳ. ಮಸೀದಿ ಹಿಂದಿನ ಬೀದಿಯಲ್ಲೂ ಟ್ರಂಕುಗಳು ತೆರೆದವು. ಅವರು ಹುಡುಕುತ್ತಿದ್ದದ್ದೂ ನಾವು ಹುಡುಕಿದ ಕಾಗದಗಳನ್ನೇ, ಸಿಕ್ಕಿದ್ದೂ ನಮಗೆ ಸಿಕ್ಕಷ್ಟೇ. ನಮಗೆ ಪತ್ರ ಬಂದಿತ್ತು, ಗಡುವಿತ್ತು, ಇಂಥದ್ದು ಬೇಕು ಎಂದು ಪಟ್ಟಿಯಿತ್ತು. ಸಿಗದಿದ್ದರೆ ಅವ್ವ ಊರಲ್ಲೇ ಇರುತ್ತಿದ್ದಳು ಅಷ್ಟೆ. ಅವರಿಗೆ ಯಾವ ಕಾಗದ, ಯಾರಿಗೆ, ಯಾವಾಗ ಎಂದು ಹೇಳುವವರೇ ಇರಲಿಲ್ಲ.

ನಾವು ಚಿಕ್ಕಂದಿನಿಂದ ಖಾಲಾ ಎಂದು ಕರೆಯುತ್ತಿದ್ದವರ ಮನೆಯಲ್ಲಿ, ಯಾವುದಕ್ಕೂ ಇರಲಿ ಎಂದು ವಂಶವೃಕ್ಷಕ್ಕೆ ಅರ್ಜಿ ಕೊಟ್ಟರು. ನಮೂನೆ ತುಂಬಿಕೊಟ್ಟದ್ದು ನಾನೇ. ಫೆಬ್ರವರಿ ಕೊನೆಯ ವಾರ ಅದೇ ಹುಡುಗ ಅದೇ ಬೈಕಿನಲ್ಲಿ ಮಹಜರಿಗೆ ಬಂದ. ಖಾಲಾ, “ಅಕ್ಕನೂ ಬರ್ಲಿ,” ಎಂದು ಹೇಳಿ ಕಳಿಸಿದ್ದರಿಂದ ಅವ್ವನೂ ನನ್ನ ಜೊತೆ ಬಂದಳು. ಅಲ್ಲೂ ನಾಲ್ವರು ಗಂಡಸರು ಕುರ್ಚಿಗಳಲ್ಲಿ ಕೂತಿದ್ದರು. ಎರಡನೆಯ ಮಗ ಹುಟ್ಟಿದ ವರ್ಷದ ಮಾತು ಬಂದಾಗ ಅವರಲ್ಲೂ ಒಮ್ಮತವಿರಲಿಲ್ಲ. ಅವ್ವ ಬಾಗಿಲ ಹಿಂದೆ ನಿಲ್ಲದೆ ನೇರ ಬಂದು ಹುಡುಗನ ಪಕ್ಕದಲ್ಲೇ ಕೂತು, ಖಾಲಾರ ಮೂರೂ ಹೆರಿಗೆಗಳನ್ನು ಹೇಳಿದಳು. ಯಾವುದು ಹಗಲು, ಯಾವುದು ರಾತ್ರಿ, ಯಾವುದಕ್ಕೆ ಸೂಲಗಿತ್ತಿ ತಡವಾಗಿ ಬಂದಳು ಎಂಬುದೂ ಬಂತು. ಹುಡುಗ ಬರೆದುಕೊಂಡು ಹಾಳೆಯನ್ನು ಪಂಚರ ಕಡೆ ಚಾಚಿದ.

“ತಾ ಇಲ್ಲಿ,” ಅಂದಳು ಅವ್ವ. “ನಂದೂ ಒಂದು ರುಜು ಆಕುಸ್ಕೊ. ಇವ್ರ್ಯಾರೂ ಅಲ್ಲಿರ್ನಿಲ್ಲ, ನಾನಿದ್ದಿ.”

ಸಾಕ್ಷರತಾ ಆಂದೋಲನದ ಕಾಲದಲ್ಲಿ ರಾತ್ರಿ ಶಾಲೆಯಲ್ಲಿ ಕಲಿತ ರುಜು ಅವಳದು. ಪಂಚರಲ್ಲಿ ಒಬ್ಬರು ಹುಬ್ಬೇರಿಸಿದರು. ಹುಡುಗ ಒಂದು ಗಳಿಗೆ ಯೋಚಿಸಿ ಹಾಳೆಯಲ್ಲಿ ಐದನೆಯ ಗೆರೆ ಎಳೆದ.

“ಹೆಸರು ಯಾವುದು ಬರೀಲ್ರಿ ಅವ್ವಾರ? ಮಾದಮ್ಮೋ, ಮಹದೇವಮ್ಮೋ?”

“ಎಲ್ಡೂ ಬರಿ,” ಎಂದಳು. “ಕೆನಡಾದೋರೇ ಒಪ್ಪವ್ರೆ.”